‘ಒಬ್ಲೈಜ್ಡ್’ ಪದವನ್ನು ತಪ್ಪಿಲ್ಲದೆ ಬಳಸುವುದು ಹೇಗೆ: ಕರ್ತವ್ಯ, ಕೃತಜ್ಞತೆ, ಕೋರಿಕೆಗೆ ಸಮಗ್ರ ಮಾರ್ಗದರ್ಶಿ

ಇಂಗ್ಲಿಷ್ ಪತ್ರದಲ್ಲಿ ‘ಒಬ್ಲೈಜ್ಡ್’ ಕೈಕೊಡುವುದು ಅದರ ಅರ್ಥ ಗೊತ್ತಿಲ್ಲದವರಿಗಲ್ಲ. ‘ಬಾಧ್ಯ’, ‘ಋಣಿ’, ‘ಆಭಾರಿ’ ಎಂದು ನಿಘಂಟು ನೋಡಿಕೊಂಡವರೇ ‘ಐ ಒಬ್ಲೈಜ್ಡ್ ಟು ಯು’ ಎಂದು ಬರೆಯುತ್ತಾರೆ. ಧನ್ಯವಾದ ಹೇಳಲು ಹೊರಟು ‘ಐ ಆ್ಯಮ್ ಒಬ್ಲೈಜ್ಡ್ ಟು ಹೆಲ್ಪ್ ಯು’ ಎಂದು ಬರೆದರೆ, ಓದುವವರಿಗೆ ‘ನಿಮಗೆ ಸಹಾಯ ಮಾಡದೆ ನನಗೆ ಗತ್ಯಂತರವಿಲ್ಲ’ ಎಂದು ಕೇಳಿಸುತ್ತದೆ.

ತಪ್ಪಿನ ಮೂಲ ಒಂದೇ. ಈ ಪದ ‘ಮಾಡಲೇಬೇಕು’ ಎಂದೂ ಹೇಳುತ್ತದೆ, ‘ನಿಮ್ಮ ಉಪಕಾರ ದೊಡ್ಡದು’ ಎಂದೂ ಹೇಳುತ್ತದೆ, ‘ದಯಮಾಡಿ ಮಾಡಿಕೊಡಿ’ ಎಂದೂ ಹೇಳುತ್ತದೆ. ಯಾವುದು ಎಂದು ತೀರ್ಮಾನಿಸುವುದು ಪದವಲ್ಲ, ಅದರ ಹಿಂದೆ ಮುಂದೆ ಬರುವ ಪುಟ್ಟ ಪದಗಳು. ಆದ್ದರಿಂದ ಅರ್ಥ ಬಾಯಿಪಾಠ ಮಾಡುವುದಕ್ಕಿಂತ ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಅನುಸರಿಸುವುದು ಮುಖ್ಯ. ಮೊದಲ ಎರಡು ಹಂತ ಬಿಟ್ಟು ನೇರವಾಗಿ ಪತ್ರಕ್ಕೆ ಹಾರಿದರೆ ಮತ್ತೆ ಅದೇ ತಪ್ಪಿಗೆ ಬಂದು ನಿಲ್ಲುತ್ತೀರಿ.

ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದೆ. ಒಂದೊಂದನ್ನೂ ಗಟ್ಟಿಯಾಗಿ ಓದಿಕೊಳ್ಳಿ. ವಾಕ್ಯದ ಜೋಡಣೆ ಕಣ್ಣಿಗಿಂತ ಕಿವಿಗೆ ಬೇಗ ಹತ್ತುತ್ತದೆ.

ಮೊದಲು ಕೈಯಲ್ಲಿರಬೇಕಾದದ್ದು

ಉದಾಹರಣೆ ವಾಕ್ಯಗಳಿರುವ ಒಂದು ಇಂಗ್ಲಿಷ್-ಇಂಗ್ಲಿಷ್ ಲರ್ನರ್ಸ್ ಡಿಕ್ಷನರಿ ಬೇಕು. ಮುದ್ರಿತವಾದರೂ ಸರಿ, ಮೊಬೈಲಿನಲ್ಲಿದ್ದರೂ ಸರಿ. ಇಂಗ್ಲಿಷ್-ಕನ್ನಡ ನಿಘಂಟು ಒಂದೇ ಸಾಲದು. ಅದು ‘ಋಣಿ’ ಎಂಬ ಸಮಾನಪದ ಕೊಡುತ್ತದೆ, ಅದರ ಮುಂದೆ ‘ಟು’ ಬರಬೇಕೋ ‘ಫಾರ್’ ಬರಬೇಕೋ ಎಂಬುದನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ಜೊತೆಗೆ ಒಂದು ಖಾಲಿ ಹಾಳೆ ಮತ್ತು ಪೆನ್ಸಿಲ್.

ಕಾಗುಣಿತವನ್ನು ಈಗಲೇ ಸರಿಮಾಡಿಕೊಳ್ಳಿ. ಅಕ್ಷರಗಳು: ಓ, ಬಿ, ಎಲ್, ಐ, ಜಿ, ಇ, ಡಿ. ‘ಬ್ರಿಡ್ಜ್’ ಪದದ ಅಭ್ಯಾಸದಿಂದ ಜಿ ಅಕ್ಷರದ ಮುಂಚೆ ಇನ್ನೊಂದು ಡಿ ಸೇರಿಸುವವರು ಬಹಳ ಜನ. ಅಲ್ಲಿ ಡಿ ಇಲ್ಲ. ‘ಒಬ್ಲೈಜಿಂಗ್’ ಎಂದು ಬರೆಯುವಾಗ ಇ ಬಿದ್ದುಹೋಗುತ್ತದೆ.

ಉಚ್ಚಾರದಲ್ಲಿ ಮೊದಲ ಸ್ವರ ತೇಲಿಹೋಗುತ್ತದೆ, ‘ಅಬ್ಲೈಜ್ಡ್’ ಎಂಬುದಕ್ಕೆ ಹತ್ತಿರ. ಒತ್ತು ‘ಬ್ಲೈ’ ಮೇಲೆ. ಕೊನೆಯಲ್ಲಿ ‘ಜೆಡ್’ ಎಂದು ಇನ್ನೊಂದು ಉಸಿರು ಬೇಡ. ಇದರ ನಾಮಪದ ‘ಆಬ್ಲಿಗೇಷನ್’ (ಬಾಧ್ಯತೆ) ಎಂಬಲ್ಲಿ ಒತ್ತು ‘ಗೇ’ ಮೇಲೆ ಬೀಳುತ್ತದೆ, ‘ಲಿ’ ಕೂಡ ‘ಲೈ’ ಆಗುವುದಿಲ್ಲ.

ಹಂತ 1: ಹೇಳಬೇಕಾದ್ದನ್ನು ಕನ್ನಡದಲ್ಲಿ ಒಂದೇ ವಾಕ್ಯವಾಗಿ ಬರೆಯಿರಿ

ಇಂಗ್ಲಿಷಿನಲ್ಲಿ ಯೋಚಿಸಲು ಹೋಗಬೇಡಿ. ನಿಮ್ಮ ಮಾತನ್ನು ಕನ್ನಡದಲ್ಲಿ ಬರೆದು, ಕ್ರಿಯಾಪದಕ್ಕೆ ಗೆರೆ ಎಳೆಯಿರಿ. ಅದರ ರೂಪವೇ ದಾರಿ ತೋರಿಸುತ್ತದೆ.

‘ಕಟ್ಟಲೇಬೇಕು’, ‘ಕಟ್ಟಬೇಕಾಯಿತು’, ‘ಕಟ್ಟಲು ಬಾಧ್ಯರು’ ಎಂದಿದ್ದರೆ ಅದು ಕರ್ತವ್ಯ ಅಥವಾ ಒತ್ತಾಯ. ಹಂತ 3 ನೋಡಿ. ‘ದಾಕ್ಷಿಣ್ಯಕ್ಕೆ ಒಪ್ಪಿಕೊಂಡೆ’, ‘ಮುಲಾಜಿಗೆ ಹೋಗಿಬಂದೆ’ ಎಂದಿದ್ದರೆ ಹಂತ 4. ‘ಉಪಕಾರವಾಯಿತು’, ‘ಋಣಿಯಾಗಿದ್ದೇನೆ’ ಎಂದಿದ್ದರೆ ಕೃತಜ್ಞತೆ, ಹಂತ 5. ‘ಮಾಡಿಕೊಟ್ಟರೆ ಉಪಕಾರವಾಗುತ್ತದೆ’ ಎಂದಿದ್ದರೆ ಕೋರಿಕೆ, ಹಂತ 6. ‘ಕೇಳಿದ್ದಕ್ಕೆ ಮಾಡಿಕೊಟ್ಟರು’ ಎಂದಿದ್ದರೆ ಹಂತ 7.

ಉಪಕಾರ ‘ಆಯಿತು’ ಮತ್ತು ‘ಆಗುತ್ತದೆ’ ನಡುವಿನ ವ್ಯತ್ಯಾಸ ಇಲ್ಲಿ ನಿರ್ಣಾಯಕ. ಆಗಿಹೋದ ಉಪಕಾರಕ್ಕೆ ಒಂದು ವಾಕ್ಯರಚನೆ, ಆಗಬೇಕಾದ ಉಪಕಾರಕ್ಕೆ ಇನ್ನೊಂದು. ಇವೆರಡನ್ನು ಬೆರೆಸಿದ ಪತ್ರಗಳೇ ಹೆಚ್ಚು.

ಹಂತ 2: ‘ಟು’ ಆದಮೇಲೆ ಏನಿದೆ ಎಂದು ನೋಡಿ

ಇಡೀ ಮಾರ್ಗದರ್ಶಿಯಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ. ‘ಒಬ್ಲೈಜ್ಡ್ ಟು’ ಆದಮೇಲೆ ಕ್ರಿಯಾಪದ ಬಂದರೆ ಕರ್ತವ್ಯ. ವ್ಯಕ್ತಿ ಅಥವಾ ಸಂಸ್ಥೆ ಬಂದರೆ ಕೃತಜ್ಞತೆ.

‘ವಿ ಆರ್ ಒಬ್ಲೈಜ್ಡ್ ಟು ಪೇ ದ ಬ್ಯಾಂಕ್’: ಬ್ಯಾಂಕಿಗೆ ಹಣ ಕಟ್ಟಲೇಬೇಕು.

‘ವಿ ಆರ್ ಒಬ್ಲೈಜ್ಡ್ ಟು ದ ಬ್ಯಾಂಕ್’: ಬ್ಯಾಂಕಿನ ಉಪಕಾರವಾಯಿತು.

ನಡುವೆ ಇರುವುದು ‘ಪೇ’ ಎಂಬ ಒಂದೇ ಪದ. ಅದು ಬಿದ್ದರೆ ಸಾಲದ ಪತ್ರ ಧನ್ಯವಾದ ಪತ್ರವಾಗುತ್ತದೆ.

ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುವ ಒಂದು ವಾಕ್ಯವಿದೆ: ‘ಐ ವುಡ್ ಬಿ ಒಬ್ಲೈಜ್ಡ್ ಟು ರಿಸೀವ್ ಯುವರ್ ರಿಪ್ಲೈ.’ ಬರೆದವರ ಮನಸ್ಸಿನಲ್ಲಿರುವುದು ‘ನಿಮ್ಮ ಉತ್ತರ ಬಂದರೆ ಉಪಕಾರ’. ಆದರೆ ‘ಟು’ ಆದಮೇಲೆ ‘ರಿಸೀವ್’ ಎಂಬ ಕ್ರಿಯಾಪದವಿದೆ. ಆದ್ದರಿಂದ ಓದಿದವರಿಗೆ ತಲುಪುವುದು ‘ನಿಮ್ಮ ಉತ್ತರ ಬಂದರೆ ಬೇಡವೆನ್ನಲಾಗದೆ ತೆಗೆದುಕೊಳ್ಳಬೇಕಾಗುತ್ತದೆ’. ಸಂತೋಷ ಹೇಳುವ ‘ಗ್ಲ್ಯಾಡ್ ಟು ರಿಸೀವ್’ ಎಂಬುದರ ಅಚ್ಚಿನಲ್ಲಿ ‘ಒಬ್ಲೈಜ್ಡ್’ ಇಟ್ಟದ್ದರಿಂದ ಆದ ತಪ್ಪು ಇದು. ಸರಿಯಾದ ರೂಪ ಹಂತ 6ರಲ್ಲಿದೆ.

‘ಟು’ ಇಲ್ಲದೆಯೂ ಕೃತಜ್ಞತೆ ಬರುತ್ತದೆ. ನ್ಯಾಯಾಲಯದಲ್ಲಿ ವಕೀಲರು ನ್ಯಾಯಾಧೀಶರತ್ತ ತಲೆಬಾಗಿ ‘ಒಬ್ಲೈಜ್ಡ್, ಮೈ ಲಾರ್ಡ್’ ಅಥವಾ ‘ಮಚ್ ಒಬ್ಲೈಜ್ಡ್’ ಎನ್ನುತ್ತಾರೆ. ಅಲ್ಲಿ ಅರ್ಥ ಧನ್ಯವಾದ ಮಾತ್ರ. ‘ಮಚ್’ ಸೇರಿದ ಕಡೆ ಕರ್ತವ್ಯದ ಅರ್ಥ ಹುಡುಕಬೇಡಿ.

ಹಂತ 3: ಕರ್ತವ್ಯ ಮತ್ತು ಒತ್ತಾಯ

ಮಾದರಿ ಹೀಗಿದೆ: ವ್ಯಕ್ತಿ, ‘ಆ್ಯಮ್/ಈಸ್/ಆರ್/ವಾಸ್/ವರ್’, ‘ಒಬ್ಲೈಜ್ಡ್ ಟು’, ಕ್ರಿಯಾಪದದ ಮೂಲರೂಪ.

ಮೊದಲ ತಪ್ಪು ನಡುವಿನ ‘ಆ್ಯಮ್’ ಅಥವಾ ‘ವಾಸ್’ ಬಿಡುವುದು. ‘ಐ ಒಬ್ಲೈಜ್ಡ್ ಟು ಅಟೆಂಡ್’ ಸರಿಯಲ್ಲ. ಕನ್ನಡದಲ್ಲಿ ‘ನಾನು ಬಾಧ್ಯ’ ಎಂದರೆ ವಾಕ್ಯ ಮುಗಿಯುತ್ತದೆ, ‘ಇದ್ದೇನೆ’ ಬೇಕಿಲ್ಲ. ಆ ಅಭ್ಯಾಸ ಇಂಗ್ಲಿಷಿಗೆ ಬಂದಾಗ ‘ವಾಸ್’ ಕಳೆದುಹೋಗುತ್ತದೆ. ಎರಡನೆಯ ತಪ್ಪು ‘ಟು’ ಆದಮೇಲೆ ‘ಅಟೆಂಡಿಂಗ್’, ‘ಪೇಯಿಂಗ್’ ಎಂಬ ರೂಪ ಹಾಕುವುದು. ಇಲ್ಲಿ ಮೂಲರೂಪವೇ ಬೇಕು.

ಕಾಲದ ಬಲೆ. ಇದನ್ನು ನಿಧಾನವಾಗಿ ಓದಿ. ‘ಮಾರಬೇಕಾಯಿತು’ ಮತ್ತು ‘ಮಾರಬೇಕಾಗಿತ್ತು’ ಒಂದೇ ಅಲ್ಲವೆಂದು ಕನ್ನಡದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮೊದಲನೆಯದರಲ್ಲಿ ಮಾರಾಟ ಆಗಿದೆ. ಎರಡನೆಯದರಲ್ಲಿ ಸಾಮಾನ್ಯವಾಗಿ ಆಗಿಲ್ಲ. ‘ಹಿ ವಾಸ್ ಒಬ್ಲೈಜ್ಡ್ ಟು ಸೆಲ್ ದ ಲ್ಯಾಂಡ್’ ಎಂದರೆ ‘ಮಾರಬೇಕಾಯಿತು’, ಅಂದರೆ ಜಮೀನು ಕೈಬಿಟ್ಟಿದೆ ಎಂದೇ ಓದುಗರು ತಿಳಿಯುತ್ತಾರೆ. ‘ಮಾರಬೇಕಾಗಿತ್ತು, ಮಾರಲಿಲ್ಲ’ ಎನ್ನಲು ‘ವಾಸ್ ಸಪೋಸ್ಡ್ ಟು ಸೆಲ್’ ಅಥವಾ ‘ಶುಡ್ ಹ್ಯಾವ್ ಸೋಲ್ಡ್’ ಬೇಕು. ಕಚೇರಿಯ ವರದಿಯಲ್ಲಿ ‘ದ ಕಂಟ್ರಾಕ್ಟರ್ ವಾಸ್ ಒಬ್ಲೈಜ್ಡ್ ಟು ರೀಪ್ಲೇಸ್ ದ ಪೈಪ್ಸ್’ ಎಂದಷ್ಟೇ ಬರೆದರೆ ಪೈಪ್ ಬದಲಾಯಿಸಿ ಆಯಿತು ಎಂದು ಮೇಲಧಿಕಾರಿ ಕಡತ ಮುಚ್ಚುವ ಅಪಾಯವಿದೆ.

ಇದಕ್ಕೊಂದು ವಿನಾಯಿತಿ: ‘ಲೀಗಲಿ’, ‘ಅಂಡರ್ ದ ಅಗ್ರಿಮೆಂಟ್’ ಎಂಬಂಥ ಮಾತು ಸೇರಿದರೆ ವಾಕ್ಯ ಬರೀ ಬಾಧ್ಯತೆಯನ್ನು ಹೇಳುತ್ತದೆ, ಕೆಲಸ ಆಯಿತೋ ಇಲ್ಲವೋ ಎಂಬುದನ್ನಲ್ಲ. ‘ದ ಕಂಟ್ರಾಕ್ಟರ್ ವಾಸ್ ಒಬ್ಲೈಜ್ಡ್ ಅಂಡರ್ ದ ಅಗ್ರಿಮೆಂಟ್ ಟು ರೀಪ್ಲೇಸ್ ದ ಪೈಪ್ಸ್, ಬಟ್ ಡಿಡ್ ನಾಟ್’ ಎಂದು ಬರೆದರೆ ಗೊಂದಲಕ್ಕೆ ಜಾಗವೇ ಇಲ್ಲ.

ನಿಷೇಧದ ಬಲೆ. ‘ನಾಟ್ ಒಬ್ಲೈಜ್ಡ್ ಟು ಸೈನ್’ ಎಂದರೆ ‘ಸಹಿ ಹಾಕಲೇಬೇಕೆಂದಿಲ್ಲ’, ಇಷ್ಟವಿದ್ದರೆ ಹಾಕಬಹುದು. ‘ಒಬ್ಲೈಜ್ಡ್ ನಾಟ್ ಟು ಸೈನ್’ ಎಂದರೆ ‘ಸಹಿ ಹಾಕಬಾರದು’. ‘ನಾಟ್’ ಒಂದು ಹೆಜ್ಜೆ ಸರಿದರೆ ಅನುಮತಿ ನಿಷೇಧವಾಗುತ್ತದೆ. ಕರಾರು ಪತ್ರ ಓದುವಾಗ ‘ನಾಟ್’ ಎಲ್ಲಿದೆ ಎಂದು ಬೆರಳಿಟ್ಟು ನೋಡಿ. ಇಂಗ್ಲೆಂಡಿನ ಪೊಲೀಸರು ಹಿಂದೆ ಆರೋಪಿಗೆ ಓದಿಹೇಳುತ್ತಿದ್ದ ಎಚ್ಚರಿಕೆ ‘ಯು ಆರ್ ನಾಟ್ ಒಬ್ಲೈಜ್ಡ್ ಟು ಸೇ ಎನಿಥಿಂಗ್’ ಎಂದು ಶುರುವಾಗುತ್ತಿತ್ತು. ಅದು ‘ಬಾಯಿ ಮುಚ್ಚು’ ಎಂಬ ಆಜ್ಞೆಯಲ್ಲ, ‘ಹೇಳಲೇಬೇಕೆಂಬ ಒತ್ತಾಯವಿಲ್ಲ’ ಎಂಬ ಭರವಸೆ. ನಮ್ಮಲ್ಲಿ ತಪ್ಪೊಪ್ಪಿಗೆ ದಾಖಲಿಸುವ ಮುನ್ನ ಮ್ಯಾಜಿಸ್ಟ್ರೇಟರು ಹೇಳಬೇಕಾದ ಮಾತಿಗೆ ಕಾನೂನು ‘ನಾಟ್ ಬೌಂಡ್ ಟು’ ಎಂಬ ಪದ ಬಳಸಿದೆ. ಅರ್ಥ ಅದೇ.

ಒತ್ತಾಯ ಎಲ್ಲಿಂದ ಬಂತು? ‘ಒಬ್ಲೈಜ್ಡ್’ ಕಾನೂನಿನಿಂದ, ಕರಾರಿನಿಂದ, ನೀತಿಯಿಂದ, ಇಲ್ಲವೇ ಬರೀ ಪರಿಸ್ಥಿತಿಯಿಂದ ಬಂದ ಒತ್ತಾಯವಾಗಿರಬಹುದು. ಮಳೆಗೆ ಸೇತುವೆ ಮುಳುಗಿ ಸುತ್ತಿಬಳಸಿ ಹೋಗಬೇಕಾಯಿತು ಎನ್ನಲೂ ‘ವಿ ವರ್ ಒಬ್ಲೈಜ್ಡ್ ಟು ಟೇಕ್ ದ ಲಾಂಗರ್ ರೂಟ್’ ಸರಿ. ಆದರೆ ‘ಆಬ್ಲಿಗೇಷನ್’ ಅಷ್ಟು ಸಡಿಲವಲ್ಲ. ಇಂಗ್ಲೆಂಡಿನ ಕಾನೂನು ತತ್ತ್ವಜ್ಞ ಎಚ್.ಎಲ್.ಎ. ಹಾರ್ಟ್ 1961ರಲ್ಲಿ ಈ ವ್ಯತ್ಯಾಸವನ್ನು ತೀಕ್ಷ್ಣವಾಗಿ ಬಿಡಿಸಿಟ್ಟರು. ಬಂದೂಕು ತೋರಿಸಿದ ದರೋಡೆಕೋರನಿಗೆ ಹಣ ಕೊಟ್ಟವನು ‘ವಾಸ್ ಒಬ್ಲೈಜ್ಡ್ ಟು’ ಎನ್ನಬಹುದು. ಕೊಡುವ ‘ಆಬ್ಲಿಗೇಷನ್’ ಅವನಿಗಿತ್ತು ಎನ್ನಲಾಗದು. ನೀವು ಬರೆಯುವಾಗಲೂ ಇದನ್ನೇ ಪಾಲಿಸಿ: ನಿಯಮ ಇದ್ದಲ್ಲಿ ‘ಆಬ್ಲಿಗೇಷನ್’, ಬರೀ ಅನಿವಾರ್ಯ ಇದ್ದಲ್ಲಿ ‘ಒಬ್ಲೈಜ್ಡ್’.

ನಮ್ಮ ಕಾನೂನುಗಳಲ್ಲಿ ‘ಆಬ್ಲಿಗೇಷನ್’ ಕಂಡರೆ ಅದು ಕರ್ತವ್ಯವೇ, ಕೃತಜ್ಞತೆಯಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ನಿನ ತಲೆಬರಹ ‘ಆಬ್ಲಿಗೇಷನ್ಸ್ ಆಫ್ ಪಬ್ಲಿಕ್ ಅಥಾರಿಟೀಸ್’. 1872ರ ಕರಾರು ಕಾಯ್ದೆಯ 37ನೇ ಸೆಕ್ಷನ್ ಕರಾರಿನ ಪಕ್ಷಗಾರರ ‘ಆಬ್ಲಿಗೇಷನ್’ ಬಗ್ಗೆ ಹೇಳುತ್ತದೆ.

ಹತ್ತಿರದ ಪದಗಳು. ನಿಯಮಾವಳಿ, ಅರ್ಜಿ ನಮೂನೆಗಳಲ್ಲಿ ‘ರಿಕ್ವೈರ್ಡ್ ಟು’ ಹೆಚ್ಚು ಸಹಜ. ‘ಫೋರ್ಸ್ಡ್ ಟು’ ಎಂದರೆ ಬಲವಂತ. ಮೇಲಧಿಕಾರಿಗೆ ಬರೆಯುವಾಗ ದೂರಿನಂತೆ ಕೇಳಿಸುತ್ತದೆ. ದಿನದ ಮಾತಿಗೆ ‘ಹ್ಯಾವ್ ಟು’ ಸಾಕು. ‘ಬೌಂಡ್ ಟು’ ಬಳಸುವಾಗ ಎಚ್ಚರ: ‘ಇಟ್ ಈಸ್ ಬೌಂಡ್ ಟು ರೇನ್’ ಎಂದರೆ ಮಳೆ ಬಂದೇ ಬರುತ್ತದೆ ಎಂಬ ಖಚಿತತೆ, ಕರ್ತವ್ಯವಲ್ಲ. ‘ಆಬ್ಲಿಗೇಟೆಡ್’ ಅಮೆರಿಕದಲ್ಲಿ ಹೆಚ್ಚು ಬಳಕೆಯಲ್ಲಿದೆ. ಬ್ರಿಟಿಷ್ ರೂಢಿಯವರು ಅದೇ ಜಾಗದಲ್ಲಿ ‘ಒಬ್ಲೈಜ್ಡ್’ ಎನ್ನುತ್ತಾರೆ. ಅಮೆರಿಕದ ಕಂಪನಿಗೆ ಬರೆಯುವ ಕನ್ನಡಿಗರು ಕರ್ತವ್ಯಕ್ಕೆ ‘ಆಬ್ಲಿಗೇಟೆಡ್’ ಬಳಸಿದರೆ ಅಡ್ಡಿಯಿಲ್ಲ, ಧನ್ಯವಾದಕ್ಕೆ ಮಾತ್ರ ಬೇಡ.

ಹಂತ 4: ದಾಕ್ಷಿಣ್ಯಕ್ಕೆ ‘ಫೀಲ್ ಒಬ್ಲೈಜ್ಡ್’

ಇದು ನಮಗೆ ತೀರ ಹತ್ತಿರದ ಬಳಕೆ, ಆದರೂ ಕಡಿಮೆ ಜನ ಬಳಸುತ್ತಾರೆ. ಯಾರೂ ಒತ್ತಾಯಿಸಿಲ್ಲ, ಕಾನೂನೂ ಇಲ್ಲ, ಆದರೆ ಇಲ್ಲವೆನ್ನಲು ಮನಸ್ಸು ಬರುವುದಿಲ್ಲ. ‘ಅವರು ಮನೆಗೇ ಬಂದು ಕರೆದರು, ದಾಕ್ಷಿಣ್ಯಕ್ಕೆ ಮದುವೆಗೆ ಹೋದೆ’ ಎಂಬುದಕ್ಕೆ ‘ದೇ ಕೇಮ್ ಹೋಮ್ ಟು ಇನ್ವೈಟ್ ಮಿ, ಸೋ ಐ ಫೆಲ್ಟ್ ಒಬ್ಲೈಜ್ಡ್ ಟು ಅಟೆಂಡ್.’ ಇಲ್ಲಿ ‘ವಾಸ್’ ಹಾಕಿದರೆ ಹೊರಗಿನ ಒತ್ತಡ, ‘ಫೆಲ್ಟ್’ ಹಾಕಿದರೆ ಒಳಗಿನ ದಾಕ್ಷಿಣ್ಯ.

ಆಹ್ವಾನಿಸಿದವರಿಗೇ ಇದನ್ನು ಬರೆಯಬೇಡಿ. ‘ಐ ಫೆಲ್ಟ್ ಒಬ್ಲೈಜ್ಡ್ ಟು ಕಮ್’ ಎಂದರೆ ‘ಬರಲು ಇಷ್ಟವಿರಲಿಲ್ಲ, ಮುಲಾಜಿಗೆ ಬಂದೆ’ ಎಂದು ಮುಖಕ್ಕೆ ಹೇಳಿದಂತೆ. ಯಾರನ್ನಾದರೂ ದಾಕ್ಷಿಣ್ಯದಿಂದ ಬಿಡಿಸುವುದಕ್ಕೆ ಮಾತ್ರ ಇದು ಬಹಳ ಒಳ್ಳೆಯ ಮಾತು: ‘ಪ್ಲೀಸ್ ಡೋಂಟ್ ಫೀಲ್ ಒಬ್ಲೈಜ್ಡ್ ಟು ಸ್ಟೇ.’ ಅಂದರೆ ‘ನಮಗೋಸ್ಕರ ಇರಲೇಬೇಕು ಅಂತೇನಿಲ್ಲ, ಹೊರಡುವುದಿದ್ದರೆ ಹೊರಡಿ’.

ಹಂತ 5: ಆಗಿಹೋದ ಉಪಕಾರಕ್ಕೆ ಧನ್ಯವಾದ

ಮಾದರಿ: ‘ಐ ಆ್ಯಮ್ ಒಬ್ಲೈಜ್ಡ್ ಟು’ + ವ್ಯಕ್ತಿ + ‘ಫಾರ್’ + ಉಪಕಾರ. ‘ಐ ಆ್ಯಮ್ ಒಬ್ಲೈಜ್ಡ್ ಟು ಯು ಫಾರ್ ಯುವರ್ ಹೆಲ್ಪ್ ವಿತ್ ದ ಲೋನ್ ಪೇಪರ್ಸ್.’ ವ್ಯಕ್ತಿಗೆ ‘ಟು’, ಕಾರಣಕ್ಕೆ ‘ಫಾರ್’. ಅದಲುಬದಲು ಮಾಡಿದರೆ ವಾಕ್ಯ ಕೆಡುತ್ತದೆ. ‘ಫಾರ್’ ಆದಮೇಲೆ ಕ್ರಿಯಾಪದ ಬೇಕೆಂದರೆ ‘ಇಂಗ್’ ರೂಪ: ‘ಫಾರ್ ಸೆಂಡಿಂಗ್ ದ ಡಾಕ್ಯುಮೆಂಟ್ಸ್’.

‘ಐ ಆ್ಯಮ್ ಒಬ್ಲೈಜಿಂಗ್ ಟು ಯು’ ಎಂದು ಬರೆಯುವವರಿದ್ದಾರೆ. ‘ಒಬ್ಲೈಜಿಂಗ್’ ಎಂದರೆ ಕೇಳಿದ್ದಕ್ಕೆ ಇಲ್ಲವೆನ್ನದ, ಉಪಕಾರಬುದ್ಧಿಯ ಎಂದರ್ಥ. ಅದು ಸಹಾಯ ಮಾಡಿದವರ ಗುಣ, ಪಡೆದವರದ್ದಲ್ಲ. ‘ದ ಕ್ಲರ್ಕ್ ವಾಸ್ ವೆರಿ ಒಬ್ಲೈಜಿಂಗ್’ ಎಂದರೆ ಗುಮಾಸ್ತರು ತುಂಬ ಸಹಕರಿಸಿದರು.

ತೀವ್ರತೆಗೆ ‘ಮಚ್’, ‘ಡೀಪ್ಲಿ’, ‘ವೆರಿ ಮಚ್’ ಸಹಜ. ‘ಹೈಲಿ ಒಬ್ಲೈಜ್ಡ್’, ‘ಎವರ್ ಒಬ್ಲೈಜ್ಡ್’ ಭಾರತದ ಅರ್ಜಿಗಳಲ್ಲಿ ರೂಢವಾಗಿವೆ. ಇಲ್ಲಿನ ಕಚೇರಿಗೆ ಬರೆಯುವಾಗ ಯಾರೂ ತಪ್ಪೆನ್ನುವುದಿಲ್ಲ, ಹೊರದೇಶದವರಿಗೆ ಹಳೆಯ ಕಾಲದ ಮಾತಿನಂತೆ ಕೇಳಿಸುತ್ತದೆ. ನನ್ನ ಸಲಹೆ ಏನೆಂದರೆ, ಪರಿಚಿತರಿಗೆ, ಸಹೋದ್ಯೋಗಿಗಳಿಗೆ, ವಿದೇಶದ ಪ್ರಾಧ್ಯಾಪಕರಿಗೆ ‘ಗ್ರೇಟ್‌ಫುಲ್’ ಬಳಸಿ. ‘ಒಬ್ಲೈಜ್ಡ್’ನಲ್ಲಿ ಹಂಗಿನ ಛಾಯೆ ಇದೆ, ‘ಗ್ರೇಟ್‌ಫುಲ್’ನಲ್ಲಿ ಅದಿಲ್ಲ. ಹೃದಯದಿಂದ ಹೇಳಬೇಕಾದ ಕಡೆ ಹಂಗಿನ ಪದ ತಣ್ಣಗೆ ಬೀಳುತ್ತದೆ.

ನಿಮಗೇ ಯಾರಾದರೂ ‘ಮಚ್ ಒಬ್ಲೈಜ್ಡ್’ ಎಂದರೆ ‘ನಾಟ್ ಅಟ್ ಆಲ್’, ‘ಗ್ಲ್ಯಾಡ್ ಟು ಹೆಲ್ಪ್’ ಅಥವಾ ‘ಹ್ಯಾಪಿ ಟು ಒಬ್ಲೈಜ್’ ಎನ್ನಿ. ‘ಸೇಮ್ ಟು ಯು’ ಇಲ್ಲಿ ಹೊಂದುವುದಿಲ್ಲ.

ಹಂತ 6: ಆಗಬೇಕಾದ ಕೆಲಸಕ್ಕೆ ಕೋರಿಕೆ

ಮಾದರಿ: ‘ಐ ವುಡ್ ಬಿ ಒಬ್ಲೈಜ್ಡ್ ಇಫ್ ಯು ಕುಡ್’ + ಕ್ರಿಯಾಪದ + ಏನು + ಯಾವಾಗ. ‘ಐ ವುಡ್ ಬಿ ಒಬ್ಲೈಜ್ಡ್ ಇಫ್ ಯು ಕುಡ್ ಇಶ್ಯೂ ಮೈ ಡಾಟರ್ಸ್ ಸ್ಟಡಿ ಸರ್ಟಿಫಿಕೇಟ್ ಬೈ ಫ್ರೈಡೇ.’

ಇಲ್ಲಿ ‘ಟು’ ಜಾಗಕ್ಕೆ ‘ಇಫ್’ ಬಂದಿದೆ. ‘ಇಫ್’ ಬಂದರೆ ಕೋರಿಕೆ ಎಂದು ಗುರುತಿಟ್ಟುಕೊಳ್ಳಿ. ‘ವುಡ್’ ಜೊತೆ ‘ಕುಡ್’ ಅಥವಾ ‘ವುಡ್’ ಇಡಿ. ಹಳೆಯ ಶೈಲಿಯ ‘ಶಲ್ ಬಿ ಒಬ್ಲೈಜ್ಡ್ ಇಫ್ ಯು ವಿಲ್’ ಕೂಡ ಸರಿ. ‘ಐ ಆ್ಯಮ್ ಒಬ್ಲೈಜ್ಡ್ ಇಫ್ ಯು ಸೆಂಡ್’ ತಪ್ಪು, ಇನ್ನೂ ಆಗದ ಉಪಕಾರಕ್ಕೆ ‘ಆ್ಯಮ್’ ಹೊಂದದು.

ಏನು ಬೇಕು, ಯಾವಾಗ ಬೇಕು ಎಂಬುದನ್ನು ಬಿಟ್ಟು ‘ಪ್ಲೀಸ್ ಡು ದ ನೀಡ್‌ಫುಲ್ ಆ್ಯಂಡ್ ಒಬ್ಲೈಜ್’ ಎಂದು ಮುಗಿಸಿದರೆ ಕೋರಿಕೆಯೇ ಇಲ್ಲದಂತಾಗುತ್ತದೆ. ರಜೆ ಅರ್ಜಿಯ ಕೊನೆಯಲ್ಲಿ ‘ಆ್ಯಂಡ್ ಒಬ್ಲೈಜ್’ ಸೇರಿಸುವ ರೂಢಿ ಹಳೆಯ ವ್ಯವಹಾರ ಪತ್ರಗಳದ್ದು. ಶಾಲೆಯ ಮುಖ್ಯೋಪಾಧ್ಯಾಯರಿಗೆ ಅದು ನಡೆಯುತ್ತದೆ. ಉದ್ಯೋಗದ ಇಮೇಲಿನಲ್ಲಿ ಬಿಟ್ಟರೆ ಪತ್ರ ಹಗುರಾಗುತ್ತದೆ.

ಇನ್ನೊಂದು ಮುಖ್ಯ ಮಾತು. ಎಲ್ಲ ಕಡೆಯೂ ಉಪಕಾರ ಕೇಳುವ ಅಗತ್ಯವಿಲ್ಲ. ಮಾಹಿತಿ ಹಕ್ಕು ಅರ್ಜಿಯಲ್ಲಿ ಮಾಹಿತಿ ನಿಮ್ಮ ಹಕ್ಕು. ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಕೊಡಬೇಕು, ಯಾಕೆ ಬೇಕು ಎಂಬ ಕಾರಣವನ್ನೂ 6ನೇ ಸೆಕ್ಷನ್ ನಿಮ್ಮಿಂದ ಕೇಳುವುದಿಲ್ಲ. ಕರ್ನಾಟಕದ ಸಕಾಲ ಸೇವೆಗಳಿಗೂ 2011ರ ಕಾಯ್ದೆಯಡಿ ಕಾಲಮಿತಿ ಇದೆ. ಅಂಥ ಕಡೆ ‘ಹೈಲಿ ಒಬ್ಲೈಜ್ಡ್’ ಎಂದು ಬಾಗುವ ಬದಲು ‘ಪ್ಲೀಸ್ ಪ್ರೊವೈಡ್ ದ ಫಾಲೋಯಿಂಗ್ ಇನ್ಫರ್ಮೇಷನ್’ ಎಂದು ಸೌಜನ್ಯದಿಂದ, ನೇರವಾಗಿ ಬರೆಯಿರಿ. ಹಕ್ಕಿನ ಪತ್ರಕ್ಕೆ ಬೇಡಿಕೆಯ ಪಟ್ಟಿ ಮತ್ತು ದಿನಾಂಕವೇ ಬಲ.

ಹಂತ 7: ‘ಒಬ್ಲೈಜ್’ ಮಾಡುವವರು ಕರ್ತೃವಾದಾಗ

‘ಡಿ’ ಇಲ್ಲದ ‘ಒಬ್ಲೈಜ್’ಗೂ ಎರಡು ಮುಖ. ‘ದ ಲಾ ಒಬ್ಲೈಜಸ್ ಎಂಪ್ಲಾಯರ್ಸ್ ಟು ಪೇ ಮಿನಿಮಮ್ ವೇಜಸ್’: ಕನಿಷ್ಠ ವೇತನ ಕೊಡಲೇಬೇಕೆಂದು ಕಾನೂನು ಕಟ್ಟುಹಾಕುತ್ತದೆ. ‘ಶಿ ಒಬ್ಲೈಜ್ಡ್ ಅಸ್ ವಿತ್ ಎ ಸಾಂಗ್’: ಕೇಳಿದ್ದಕ್ಕೆ ಒಂದು ಹಾಡು ಹಾಡಿದರು. ಮೊದಲನೆಯದರಲ್ಲಿ ವ್ಯಕ್ತಿಯಾದಮೇಲೆ ‘ಟು’ ಮತ್ತು ಕ್ರಿಯಾಪದ, ಎರಡನೆಯದರಲ್ಲಿ ‘ವಿತ್’ ಅಥವಾ ‘ಬೈ’.

ಇದರಿಂದ ಹಂತ 3ರ ತಪ್ಪಿನ ಇನ್ನೊಂದು ಅಪಾಯ ಕಾಣುತ್ತದೆ. ‘ವಾಸ್’ ಬಿಟ್ಟು ‘ಹಿ ಆಸ್ಕ್ಡ್ ಫಾರ್ ಮನಿ ಆ್ಯಂಡ್ ಐ ಒಬ್ಲೈಜ್ಡ್’ ಎಂದರೆ ಅದು ಸರಿಯಾದ ವಾಕ್ಯವೇ, ಆದರೆ ಅರ್ಥ ‘ಕೇಳಿದ, ಕೊಟ್ಟೆ’. ಒತ್ತಾಯದ ಸುಳಿವೂ ಅದರಲ್ಲಿಲ್ಲ. ದೂರು ಕೊಡುವಾಗ ಹೀಗೆ ಬರೆದರೆ ಸ್ವಂತ ಇಷ್ಟದಿಂದ ಕೊಟ್ಟಿರಿ ಎಂದಾಗುತ್ತದೆ.

ಹಂತ 8: ನಿಮಗೆ ಬಂದ ಪತ್ರದಲ್ಲಿ ಎಚ್ಚರಿಕೆಯ ಗುರುತುಗಳು

ಬರೆಯುವುದರಷ್ಟೇ ಓದುವುದರಲ್ಲೂ ಎಡವುತ್ತಾರೆ. ಮನೆ ಮಾಲೀಕರಿಂದ ‘ಐ ವುಡ್ ಬಿ ಒಬ್ಲೈಜ್ಡ್ ಇಫ್ ಯು ವುಡ್ ಸ್ಟಾಪ್ ಪಾರ್ಕಿಂಗ್ ಹಿಯರ್’ ಎಂದು ಬಂದರೆ ಅದು ಬಿನ್ನಹದ ಉಡುಪು ತೊಟ್ಟ ತಾಕೀತು. ‘ಇಫ್’ ಆದಮೇಲೆ ‘ಸ್ಟಾಪ್’, ‘ರಿಫ್ರೇನ್’, ‘ನಾಟ್’ ಕಂಡರೆ ಬರೆದವರಿಗೆ ಸಿಟ್ಟು ಬಂದಿದೆ ಎಂದೇ ತಿಳಿಯಿರಿ.

‘ವಿ ಶಲ್ ಬಿ ಒಬ್ಲೈಜ್ಡ್ ಟು ಟೇಕ್ ಲೀಗಲ್ ಆ್ಯಕ್ಷನ್’ ಇನ್ನೂ ಗಂಭೀರ. ‘ಟು’ ಆದಮೇಲೆ ‘ಟೇಕ್’ ಇದೆ. ‘ಕಾನೂನು ಕ್ರಮ ಕೈಗೊಳ್ಳಬೇಕಾಗುತ್ತದೆ’ ಎಂಬ ನೋಟಿಸು ಅದು, ವಿನಯವಲ್ಲ. ಅಂಥ ಪತ್ರದಲ್ಲಿ ಮೊದಲು ಗಡುವಿನ ದಿನಾಂಕ ಹುಡುಕಿ, ಆಮೇಲೆ ಉತ್ತರ ಯೋಚಿಸಿ. ಜಾಹೀರಾತಿನ ‘ನೋ ಆಬ್ಲಿಗೇಷನ್’ ಎಂದರೆ ಕೊಳ್ಳಲೇಬೇಕೆಂಬ ಕಟ್ಟುಪಾಡಿಲ್ಲ ಎಂದಷ್ಟೇ, ಉಚಿತ ಎಂದಲ್ಲ.

ಹಂತ 9: ಕಳಿಸುವ ಮುನ್ನ ಬದಲಿ ಪದದ ಪರೀಕ್ಷೆ

‘ಒಬ್ಲೈಜ್ಡ್’ ಜಾಗದಲ್ಲಿ ಮೊದಲು ‘ಫೋರ್ಸ್ಡ್’, ಆಮೇಲೆ ‘ಗ್ರೇಟ್‌ಫುಲ್’ ಇಟ್ಟು ಓದಿ. ನೀವು ಹೇಳಬೇಕೆಂದದ್ದು ಧನ್ಯವಾದವಾಗಿದ್ದು ‘ಫೋರ್ಸ್ಡ್’ ಸಲೀಸಾಗಿ ಹೊಂದಿಕೊಂಡರೆ ವಾಕ್ಯ ತಪ್ಪಾಗಿದೆ. ಹಂತ 2ಕ್ಕೆ ಮರಳಿ.

ಬ್ಯಾಂಕಿಗೆ ಬರೆದ ಒಂದು ಪತ್ರವನ್ನು ಇದರಿಂದ ತಿದ್ದಿ ನೋಡೋಣ. ಮೊದಲ ಕರಡು: ‘ಐ ಒಬ್ಲೈಜ್ಡ್ ಟು ಯುವರ್ ಹೆಲ್ಪ್ ಲಾಸ್ಟ್ ಮಂತ್. ಐ ವುಡ್ ಬಿ ಒಬ್ಲೈಜ್ಡ್ ಟು ಗೆಟ್ ದ ಸ್ಟೇಟ್‌ಮೆಂಟ್. ಐ ವಾಸ್ ಒಬ್ಲೈಜ್ಡ್ ಟು ಸಬ್ಮಿಟ್ ಇಟ್ ಆನ್ ಮಂಡೇ. ಕೈಂಡ್ಲಿ ಡು ದ ನೀಡ್‌ಫುಲ್ ಆ್ಯಂಡ್ ಒಬ್ಲೈಜ್.’

ತಿದ್ದಿದ ರೂಪ: ‘ಥ್ಯಾಂಕ್ ಯು ಫಾರ್ ಯುವರ್ ಹೆಲ್ಪ್ ಲಾಸ್ಟ್ ಮಂತ್. ಐ ವುಡ್ ಬಿ ಒಬ್ಲೈಜ್ಡ್ ಇಫ್ ಯು ಕುಡ್ ಸೆಂಡ್ ಮಿ ದ ಅಕೌಂಟ್ ಸ್ಟೇಟ್‌ಮೆಂಟ್ ಫಾರ್ ಏಪ್ರಿಲ್ ಟು ಜೂನ್ ಬೈ ಥರ್ಸ್‌ಡೇ. ಐ ವಾಸ್ ಸಪೋಸ್ಡ್ ಟು ಸಬ್ಮಿಟ್ ಇಟ್ ಆನ್ ಮಂಡೇ.’

ಮೊದಲ ವಾಕ್ಯದಲ್ಲಿ ‘ಆ್ಯಮ್’ ಇರಲಿಲ್ಲ, ವ್ಯಕ್ತಿಯ ಜಾಗದಲ್ಲಿ ‘ಹೆಲ್ಪ್’ ಬಂದು ಕೂತಿತ್ತು. ಅಲ್ಲಿ ‘ಥ್ಯಾಂಕ್ ಯು’ ಸಾಕಾಯಿತು. ಎರಡನೆಯದರಲ್ಲಿ ‘ಟು ಗೆಟ್’ ಹೋಗಿ ‘ಇಫ್ ಯು ಕುಡ್’ ಬಂತು, ಯಾವ ತಿಂಗಳು, ಯಾವ ದಿನ ಎಂಬುದೂ ಸೇರಿತು. ಮೂರನೆಯದರಲ್ಲಿ ‘ವಾಸ್ ಒಬ್ಲೈಜ್ಡ್’ ಉಳಿಸಿದ್ದರೆ ಸೋಮವಾರವೇ ಸಲ್ಲಿಸಿ ಆಗಿದೆ ಎಂದಾಗಿ, ಸ್ಟೇಟ್‌ಮೆಂಟ್ ಈಗ ಯಾಕೆ ಎಂದು ಬ್ಯಾಂಕಿನವರು ಕೇಳುತ್ತಿದ್ದರು. ಕೊನೆಯ ಸಾಲಿಗೆ ಹೇಳಲು ಬೇರೇನೂ ಉಳಿದಿರಲಿಲ್ಲ, ತೆಗೆದದ್ದಾಯಿತು. ಒಂದು ಪತ್ರದಲ್ಲಿ ‘ಒಬ್ಲೈಜ್ಡ್’ ಒಂದೇ ಸಲ ಬರಲಿ. ಎರಡು ಕಡೆ ಬೇಕೆನಿಸಿದರೆ ಕೋರಿಕೆಗೆ ಅದನ್ನು ಇಟ್ಟುಕೊಂಡು, ಧನ್ಯವಾದಕ್ಕೆ ‘ಥ್ಯಾಂಕ್ ಯು’ ಅಥವಾ ‘ಗ್ರೇಟ್‌ಫುಲ್’ ಬಳಸಿ.